ಮೆಹ್ಮೆತ್ ಜಾಗದಲ್ಲಿ ಇವರ ಹೆಸರು

ಸೆಪ್ಟೆಂಬರ್ 8, 2006. ಸಂಜೆ

ಮತ್ತೆ ಪಾಠ. ಪಾತ್ರೆ ಅಂಗಡಿ ಬಾಗಿಲು ಹಾಕಿ ಬಂದು, ಕೈಕಾಲು ತೊಳೆದಿದ್ದೇ ಇವರು ಸಿಡಿ ಹಾಕಿದರು. ನಮ್ಮ ಕೃತಿಕಾಳ ಅತ್ತೆ ಟರ್ಕಿಯ ಇಜ್ಮಿರ್‌ನಿಂದ ಡಿಸೆಂಬರಿಗೆ ಎನ್.ಆರ್. ಪುರಕ್ಕೆ ಬರ್ತಾರಂತೆ. ಬೀಗಿತ್ತಿಗೆ ಟರ್ಕಿ ಭಾಷೆ ಬಿಟ್ಟು ಬೇರೇನೂ ಬಾರದು. ಮೂಕರ ಹಾಗೆ ಮುಖ ನೋಡಿಕೊಂಡು ಕೂರಬೇಡಿ ಅಂತ ಮಗಳು ಸಿಡಿ, ಪುಸ್ತಕ ಕಳಿಸಿದ್ದಾಳೆ.

ಎವ್ ಅಂದ್ರೆ ಮನೆ. ಎವೆ — ಮನೆಗೆ. ಎವ್‌ದೆ — ಮನೆಯಲ್ಲಿ. ಕ್ರಿಯಾಪದ ಕೊನೆಗೇ, ನಮ್ಮ ಹಾಗೆ. ಅಷ್ಟಕ್ಕೇ ಆ ಊರಿನವರ ಮೇಲೆ ಪ್ರೀತಿ ಬಂತು.

ಸೆಪ್ಟೆಂಬರ್ 11

ಇವತ್ತಿನ ವಾಕ್ಯ: ಮೆಹ್ಮೆತ್ ಬೇಯ್, ಚಾಯ್ ಇಸ್ತೆರ್ ಮಿಸಿನಿಜ್? ಮೆಹ್ಮೆತ್ ಅವರೇ, ಟೀ ಬೇಕಾ? ಬೇಯ್ ಅನ್ನೋದು ಮರ್ಯಾದೆಗೆ.

"ಮೆಹ್ಮೆತ್ ಯಾವನೋ ಏನೋ ಮಾರಾಯ್ತಿ. ನನ್ನ ಹೆಸರು ಹಾಕಿ ಕೇಳು."

"ಕೃತಿಕಾನ ಅಪ್ಪ ಬೇಯ್," ಅಂದೆ.

ನಕ್ಕೂ ನಕ್ಕೂ ಕೆಮ್ಮು ಬಂತು ಇವರಿಗೆ. ಆಮೇಲೆ ಸ್ವಲ್ಪ ಮುಖ ಸಪ್ಪೆ.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆ ಆಗುತ್ತೆ ಅಂತ ಅವ್ವ ಹೇಳಿ ಕಳಿಸಿದ್ದು. ನಂಬ್ತೀನಾ? ಗೊತ್ತಿಲ್ಲ. ಆದರೂ ಯಾಕೆ ಬೇಕು... ವೋಟರ್ ಲಿಸ್ಟಿನವರು ಯಜಮಾನರ ಹೆಸರು ಕೇಳಿದಾಗಲೂ ಕೃತಿಕಾಳನ್ನೇ ಮುಂದೆ ತಳ್ಳುತ್ತಿದ್ದೆ.

ಸೆಪ್ಟೆಂಬರ್ 30. ಶಿವಮೊಗ್ಗ, ಆಸ್ಪತ್ರೆ

ಮೊನ್ನೆ ಇವರು ಅಂಗಡಿಯಲ್ಲೇ ಕುಸಿದರು. ಸ್ಟ್ರೋಕ್. ಆವಾಗಿನಿಂದ ಕಣ್ಣು ಬಿಟ್ಟಿಲ್ಲ. ಡಾಕ್ಟರು ಭಯ ಇದೆ ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ.

ನರ್ಸ್ ತ್ರಿಪುರಸುಂದರಿ ಬಂದು, "ಅಮ್ಮ, ಮನೆಯೋರ ದನಿ ಕೇಳಿದ್ರೆ ಕೆಲವ್ರು ಎಚ್ಚರ ಆಗ್ತಾರೆ. ಹೆಸರು ಹಿಡಿದು ಕರೀರಿ," ಅಂದಳು.

"ರೀ," ಅಂದೆ. "ರೀ, ಇಲ್ನೋಡಿ," ಅಂದೆ. ಪಕ್ಕದ ಬೆಡ್ಡಿನ ಗಂಡಸು ತಿರುಗಿ ನೋಡಿದರು.

ಹೆಸರು ಮಾತ್ರ ಹೇಳಲಿಲ್ಲ. ಉಳಿದಿರೋ ಆಯುಷ್ಯವನ್ನೂ ನಾನೇ ಕಳೆದುಬಿಟ್ಟರೆ? ವರಾಂಡಕ್ಕೆ ಬಂದು ಅತ್ತುಬಿಟ್ಟೆ.

ಅಕ್ಟೋಬರ್ 1. ಬೆಳಿಗ್ಗೆ

ಹಾಗೇ ಮಲಗಿದ್ದರು. ಪಕ್ಕದವರಿಗೆ ಫ್ಲಾಸ್ಕಿನಲ್ಲಿ ಟೀ ಬಂತು. ಆ ವಾಸನೆಗೆ ಹೊಳೆಯಿತು — ಅವ್ವ ಬೇಡ ಅಂದಿದ್ದು ಕನ್ನಡದಲ್ಲಿ. ಟರ್ಕಿಯಲ್ಲಿ ಹೇಳಿದರೆ ಅವ್ವನಿಗೇನು ತಿಳಿಯುತ್ತೆ? ಮರ್ಯಾದೆಗೆ ಬೇಯ್ ಬೇರೆ ಇದೆ.

ಕಿವಿ ಹತ್ತಿರ ಬಗ್ಗಿದೆ. ಮೆಹ್ಮೆತ್ ತೆಗೆದು ಇವರ ಹೆಸರು ಹಾಕಿ, ಪೂರ್ತಿ ವಾಕ್ಯ ಹೇಳಿದೆ.

ರೆಪ್ಪೆ ಅಲುಗಿತು. ಕಣ್ಣು ಬಿಟ್ಟರು! ನನ್ನನ್ನಲ್ಲ, ಮೊದಲು ಬಾಗಿಲ ಕಡೆ ನೋಡಿದರು — ಯಾರಿಗಾದರೂ ಕೇಳಿಸಿತಾ ಅಂತ. ಆಮೇಲೆ ತೊದಲುತ್ತ ಅಂದರು, "ಇನ್ನೊಂದ್... ಸಲ."

ಟರ್ಕಿ ಅಷ್ಟೂ ಮರೆತುಹೋಯಿತು. ಕನ್ನಡದಲ್ಲೇ ಕರೆದೆ. ಅಳುತ್ತ, ನಗುತ್ತ, ವಾರ್ಡಿಗೆಲ್ಲ ಕೇಳೋ ಹಾಗೆ ಕರೆದೆ. ಇವತ್ತು ಇಲ್ಲೂ ಬರೆದೇಬಿಡ್ತೀನಿ. ಪರಮೇಶ್ವ —

ಇವರು ಕರೀತಿದ್ದಾರೆ. ಇರಿ, ಬಂದೆ...