ಐದನೆಯ ಮನೆಯ ಅಕ್ಕಿ

ಶಿಡ್ಲಘಟ್ಟ, ೧೯೬೧

ಆಗಸ್ಟ್ ೧೭, ಗುರುವಾರ

ಬೆಳಗ್ಗೆಯೂ ಗಂಜಿ ಕಾಯಿಸಿದೆ. ನನ್ನ ಹೆಂಡತಿ ಕದಿರಮ್ಮ ಬಾಯಿ ತೆರೆಯಲಿಲ್ಲ. ಟೈಫಾಯ್ಡ್ ಇಳಿದು ಆರು ದಿನ. ಇನ್ನು ಅನ್ನ ಸೇರಿದರೇ ಉಳಿಯುವುದು ಎಂದರು ಡಾಕ್ಟರು. ಆಸ್ಪತ್ರೆ ಹತ್ತಿರವೆಂದು ನಮ್ಮೂರು ನಗರಗೆರೆ ಬಿಟ್ಟು ಅವಳ ಅಕ್ಕ ಅಮ್ಮಾಜಮ್ಮನ ಮನೆಯಲ್ಲಿದ್ದೇವೆ. ಇಲ್ಲಿನ ಬೀದಿಗಳೇ ತಿಳಿಯವು. ತಮ್ಮನಿಗೆ ಕಾಗದ ಬರೆಯಬೇಕು... ಏನೆಂದು ಬರೆಯಲಿ. ಸಾಕಾಗಿದೆ.

ಆಗಸ್ಟ್ ೧೯, ಶನಿವಾರ, ಮಧ್ಯಾಹ್ನ

ಶ್ರಾವಣ ಶನಿವಾರ. ನಾಮ ಇಟ್ಟು ಚೊಂಬು ಹಿಡಿದು ಹೊರಟೆ. ಐದು ಮನೆಯ ಭಿಕ್ಷೆಯ ಅಕ್ಕಿ ಬೇಯಿಸಿ, ವೆಂಕಟರಮಣನಿಗೆ ಎಡೆ ಇಟ್ಟು, ಅದನ್ನೇ ಇವಳಿಗೆ ಉಣಿಸುತ್ತೇನೆಂದು ಹರಕೆ. ನಾಲ್ಕು ಮನೆ ಆಯಿತು. ಐದನೆಯ ಬಾಗಿಲಲ್ಲಿ ‘ಗೋವಿಂದಾ’ ಎಂದು ಕೂಗಿದೆ. ತಲೆಯ ಮೇಲೆ ಸೆರಗೆಳೆದುಕೊಂಡು ಹೆಂಗಸೊಬ್ಬಳು ಬಂದಳು.

“ತಾತಾ, ನಾವು ಸಾಬ್ರು. ನಮ್ಮ ಅಕ್ಕಿ ನಿಮ್ಮ ದೇವ್ರಿಗೆ ಆಗ್ತದಾ?”

ಕೂಗಿದ ಬಾಗಿಲಿನಿಂದ ಬರಿಗೈಲಿ ತಿರುಗಬಾರದು—ಅಪ್ಪ ಕಲಿಸಿದ್ದು.

“ಕೂಗ್ಬಿಟ್ಟೆ ಕಣಮ್ಮಾ. ಹಾಕು.”

ಒಳಗೆ ಹೋಗಿ ಕೈ ತೊಳೆದು ಬಂದು ಹಾಕಿದಳು. ಯಾರಿಗೆ ಹುಷಾರಿಲ್ಲ ಎಂದು ಕೇಳಿದಳು. ನಾನಾಗಿ ಹೇಳಿರಲಿಲ್ಲ. ಹೆಂಡತಿಗೆ, ಅನ್ನ ಸೇರುತ್ತಿಲ್ಲ ಎಂದೆ. ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟಳು.

ಅಮ್ಮಾಜಮ್ಮ ಕುದಿಯುತ್ತಿದ್ದಾಳೆ. “ಕಣ್ಣು ಕಾಣಿಸ್ಲಿಲ್ವೇನಪ್ಪಾ? ಎಲ್ಲಾ ಒಂದ್ರಲ್ಲೇ ಬೆರೆಸ್ಕೊಂಡು ಬಂದಿದ್ದೀಯ! ಚೆಲ್ಲು. ಮುಂದಿನ ಶನಿವಾರ ಮತ್ತೆ ಎತ್ತಿದ್ರಾಯ್ತು.”

ಮುಂದಿನ ಶನಿವಾರದವರೆಗೆ ಇವಳು...

ಅದೇ ದಿನ, ನಾಲ್ಕು ಗಂಟೆ

ಕದಿರಮ್ಮನಿಗೆ ಎಲ್ಲ ಕೇಳಿಸಿತ್ತು.

“ಆಯಮ್ಮ ಕೈ ತೊಳ್ಕೊಂಡು ಹಾಕಿದ್ಲಾ?”

“ಹೂಂ.”

“ನಮ್ಮಕ್ಕನಿಗಿಂತ ವಾಸಿ ಬಿಡು. ಹಚ್ಚು ಒಲೆ.”

ಮೆತ್ತಗೆ ಬೇಯಿಸಿ ಎಡೆ ಇಟ್ಟೆ. ಮೂರು ತುತ್ತು ತಿಂದಳು. ನಾಲ್ಕನೆಯದಕ್ಕೆ ನಿದ್ದೆ ಬಂತು.

ಆಗಸ್ಟ್ ೨೩, ಬುಧವಾರ

ದಿನಾ ಅಷ್ಟಿಷ್ಟು ಅನ್ನ ಸೇರುತ್ತಿದೆ. ದೇವರ ಪಟದ ಮುಂದೆ ಕಣ್ಣು ಮುಚ್ಚಿದರೆ ಆ ಹೆಂಗಸೇ ಕಾಣುತ್ತಾಳೆ. ತಪ್ಪೋ ಏನೋ. ಹೆಸರನ್ನೂ ಕೇಳಲಿಲ್ಲ.

ಆಗಸ್ಟ್ ೨೫, ಶುಕ್ರವಾರ

ಬೀದಿ ಬೀದಿ ವಿಚಾರಿಸಿಕೊಂಡು ಅವಳೇ ಬಂದಿದ್ದಾಳೆ. “ಅಮ್ಮ ಉಂಡ್ರಾ, ತಾತಾ?” ಹೆಸರು ಖುರ್ಷಿದಾ ಅಂತೆ. ಅಮ್ಮಾಜಮ್ಮ ಹೊಸ್ತಿಲಿಗೆ ಅಡ್ಡ ನಿಂತಳು.

“ಅಕ್ಕಾ, ದಾರಿ ಬಿಡೇ!” ಒಳಗಿನಿಂದ ಕದಿರಮ್ಮ.

ಅಮ್ಮಾಜಮ್ಮ ಕದಲಲಿಲ್ಲ. ಇವಳೇ ಗೋಡೆ ಹಿಡಿದು ಎದ್ದು ಬಂದಳು... ಬಂದು ಅವಳ ಕೈ ಹಿಡಿದು ಒಳಕ್ಕೆ ಕರೆದೊಯ್ದಳು. ಅಮ್ಮಾಜಮ್ಮ ಹಿತ್ತಲು ಸೇರಿದ್ದಾಳೆ.

ಈಗ ಒಳಗೆ ಇಬ್ಬರದೂ ತೆಲುಗಿನಲ್ಲಿ ಮಾತು. ನಗು ಕೇಳಿಸಿತು. ಕದಿರಮ್ಮನದೇ. ಆ ನಗು ಕೇಳಿ ಎಷ್ಟು ದಿನವಾಗಿತ್ತು.