ಗೂಡು ಕಟ್ಟದ ಹುಳು

ಹಾರೋಹಳ್ಳಿ ಕಡೆಯಿಂದ,
3 ಮಾರ್ಚ್ 2007, ಶನಿವಾರ

ಪ್ರೀತಿಯ ಮರಿಯಕ್ಕನಿಗೆ ಆರೋಗ್ಯಮ್ಮನ ಸ್ತೋತ್ರ.

ಸಿಸ್ಟರ್ ಆದ ನಿನಗೆ ಕಾನ್ವೆಂಟಿನವರು ಬೇರೆ ಹೆಸರಿಟ್ಟು ಹದಿನೆಂಟು ವರ್ಷವಾಯಿತು. ಅದು ನನ್ನ ಬಾಯಿಗೆ ಈಗಲೂ ಹೊಂದುವುದಿಲ್ಲ, ಬಿಡು. ಅಕ್ಷರ ಸಣ್ಣದಾಗಿದೆ. ಇರುವುದು ಒಂದೇ ಹಾಳೆ.

ನಿನ್ನ ಪತ್ರ ತಲುಪಿತು. ಮಕ್ಕಳ ಜ್ಞಾನೋಪದೇಶದ ಪುಸ್ತಕಕ್ಕೆ ಒಂದು ಪಾಠ ಬೇಕು, ದೇವರು ಪ್ರತಿ ಜೀವಕ್ಕೂ ಒಂದು ಉದ್ದೇಶ ಕೊಟ್ಟಿದ್ದಾನೆ ಎಂಬುದನ್ನು ನಿನ್ನ ರೇಷ್ಮೆಹುಳುವಿನಿಂದಲೇ ಹೇಳು ಎಂದಿದ್ದೀಯ. ಬೆಳೆ ಹೋದದ್ದರಲ್ಲೂ ಅವನ ಉದ್ದೇಶವಿರುತ್ತದೆ, ಹುಡುಕು ಎಂದೂ ಬರೆದಿದ್ದೀಯ. ಹುಡುಕಿದೆ.

ಹುಳುಗಳು ನಾಲ್ಕು ಸಲ ಪೊರೆ ಬಿಟ್ಟು, ನಾಲ್ಕು ಜ್ವರ ದಾಟಿ ಚೆನ್ನಾಗಿಯೇ ಮೇಯ್ದವು. ಬೂದಿ ಬುಧವಾರ ಹಣ್ಣಾದವು. ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟೆ. ಮೂರು ದಿನ ಕಾದೆ. ಒಂದೂ ಕಟ್ಟಲಿಲ್ಲ. ಕಪ್ಪಾಗಿ ಉದುರಿದವು. ಗುಡಿಸಿ ಗುಂಡಿಗೆ ಹಾಕಿದೆ. ಅಳು ಬರಲಿಲ್ಲ ಅಕ್ಕ. ಕೈಕಾಲು ತೊಳೆದು ಮುದ್ದೆಗೆ ಎಸರಿಟ್ಟೆ.

ಒಂದು ವಾರ ಮುಂಚೆಯೇ ಸೊಪ್ಪಿನ ಮೇಲೆ ಬಿಳಿ ಪುಡಿ ಕಂಡಿದ್ದೆ. ರಸ್ತೆ ಧೂಳೆಂದು ಕೊಡವಿ ಹಾಕಿದೆ. ಅದು ನನ್ನ ತಪ್ಪು. ಬೇಲಿಯಾಚೆಯ ಹೊಸ ಫ್ಯಾಕ್ಟರಿಯಲ್ಲಿ ಪ್ಯಾಕ್ ಮಾಡುವುದು ಹುಳ ಕೊಲ್ಲುವ ಪುಡಿ. ಹುಳ ಸಾಕುವವರ ಪಕ್ಕಕ್ಕೇ ಅದನ್ನು ತಂದಿಟ್ಟ ಬುದ್ಧಿವಂತರು ಯಾರೋ. ಬೂದಿ ಬುಧವಾರ ಫಾದರ್ ಹಣೆಗೆ ಬೂದಿ ಇಟ್ಟರಲ್ಲ, ಮನೆಗೆ ಬಂದು ಒಂದೆಲೆ ಉಜ್ಜಿ ನೋಡಿದೆ. ಬೆರಳಿಗೂ ಬೂದಿ. ಇದನ್ನಿಟ್ಟ ಪಾದ್ರಿ ಯಾವನು?

ಒಂಬತ್ತು ಮನೆಯವರ ಹುಳು ಹೀಗೇ ಹೋಗಿವೆ. ಬೆಳೆಗಾರರ ಸಂಘದವರು ಫ್ಯಾಕ್ಟರಿ ಪುಡಿಯ ಮೇಲೆ ಅರ್ಜಿ ಕೊಡಿಸಿದರು. ಮೊನ್ನೆ ಫ್ಯಾಕ್ಟರಿ ಮ್ಯಾನೇಜರ್ ಮನೆಗೇ ಬಂದರು. ಟೈಪ್ ಮಾಡಿದ ಒಂದು ಹಾಳೆ ತಂದಿದ್ದರು. ನನ್ನ ಗಂಡ ಚೌರಪ್ಪ ಹುಳುಮನೆಯೊಳಗೆ ಬೀಡಿ ಸೇದುತ್ತಿದ್ದ, ಆ ಹೊಗೆಗೆ ನಮ್ಮ ಹುಳು ಕೆಟ್ಟವು ಎಂದು ಅದರಲ್ಲಿತ್ತು. ನಾನು ಅದಕ್ಕೆ ರುಜು ಮಾಡಿ ಸೋಮವಾರ ಗೇಟಿಗೆ ತಲುಪಿಸಬೇಕು. ಬೇಲಿಗೆ ಅಂಟಿದ ತೋಟ ನಮ್ಮದೇ. ನಮ್ಮ ಹುಳುವೇ ಬೀಡಿಗೆ ಸತ್ತವು ಎಂದಾದರೆ ಮಿಕ್ಕ ಎಂಟು ಮನೆಯ ಮಾತು ಯಾರು ಕೇಳುತ್ತಾರೆ?

ನಮ್ಮ ಮನೆಯವರು ಅದೇ ಗೇಟಿನ ವಾಚ್‌ಮನ್ ಎಂದು ನಿನಗೆ ಗೊತ್ತು. ರುಜು ಹಾಕಿದರೆ ಕೆಲಸ ಪರ್ಮನೆಂಟು, ಇಲ್ಲದಿದ್ದರೆ ಸೋಮವಾರವೇ ಲಾಠಿ ಒಪ್ಪಿಸಿ ಬರಬೇಕು. ಬೀಡಿ ಸೇದಿದ ಕೈ ತೊಳೆಯದೆ, ಬಾಯಿ ಮುಕ್ಕಳಿಸದೆ ಎಂದೂ ಹುಳುಮನೆಗೆ ಕಾಲಿಟ್ಟವರಲ್ಲ. ಅವರೇ ಈಗ ಹೇಳುತ್ತಾರೆ: "ಹುಳ ಸತ್ತೋದ್ವು. ನಾವೂ ಸಾಯಾನ ಅಂತೀಯಾ? ಕಳ್ಳ ನಾನೇ ಆಯ್ತೀನಿ, ನಿಂಗೇನ್ ಕಷ್ಟ? ಒಂದ್ ಗೀಟು ಎಳ್ದ್‌ಬುಡು." ನನ್ನ ಮುಖ ನೋಡದೆ, ತಟ್ಟೆಯನ್ನೇ ನೋಡಿಕೊಂಡು ಹೇಳಿದರು.

ನಿನ್ನೆ ಪಕ್ಕದ ತೋಟದ ಕೆಂಚಮ್ಮ ಬಂದಳು, ಆ ಎಂಟು ಮನೆಯಲ್ಲಿ ಅವಳದೂ ಒಂದು. ನಾನು ನಿನ್ನ ಪಾಠಕ್ಕೆಂದು ಹೊಲದ ಹೂಗಳ ವಾಕ್ಯವನ್ನು ಗಟ್ಟಿಯಾಗಿ ಓದುತ್ತಿದ್ದೆ. ಹೂ ದುಡಿಯುವುದಿಲ್ಲ, ನೂಲುವುದಿಲ್ಲ, ಆದರೂ ದೇವರು ಅದಕ್ಕೆ ಉಡಿಸುತ್ತಾನೆ ಎಂಬ ವಾಕ್ಯ. ಹೊಸಿಲ ಮೇಲೆ ಕೂತು ಪೂರ್ತಿ ಕೇಳಿದಳು.

"ಅಲ್ಲ ಕಣವ್ವ, ನಿಮ್ ಯೇಸಪ್ಪ ಹೂವ ನೋಡವ್ನೆ, ಹುಳ ನೋಡಿಲ್ವಾ? ದುಡ್ದು ನೂಲೋ ಜೀವಾನೂ ಒಂದೈತೆ, ಅದ್ನ ಕಾಯೋರು ಯಾರು ಅಂತ ಬರ್ದಿಲ್ವಾ ಅದ್ರಾಗೆ?" ಎಂದಳು.

ಹುಡುಕಿ ಹೇಳುತ್ತೇನೆ ಎಂದೆ.

"ಒಸಿ ಬ್ಯಾಗ ಹುಡ್ಕವ್ವ. ಸೋಮವಾರದೊಳಗೆ" ಎಂದು ಎದ್ದು ಹೋದಳು. ರುಜುವಿನ ವಿಷಯ ಅವಳ ಕಿವಿಗೂ ಬಿದ್ದಿದೆ.

ಅಕ್ಕ, ನಾನು ಕಂಡದ್ದು ಒಂದೇ. ಉದುರುವ ಮುಂಚೆ ಒಂದು ಹುಳು ತಲೆ ಎತ್ತಿ ಅತ್ತ ಇತ್ತ ತೂಗುತ್ತಿತ್ತು, ನೂಲು ಬಿಡುವಾಗ ಹೇಗೆ ತೂಗುತ್ತದೋ ಹಾಗೇ. ನೂಲು ಬರಲಿಲ್ಲ. ದಿನವೆಲ್ಲಾ ತೂಗಿತು. ನಾನೂ ಈಗ ಹೀಗೇ ಜಪಮಾಲೆ ಮಾಡುತ್ತಿದ್ದೇನೆ. ಮಣಿ ಸರಿಯುತ್ತದೆ, ಒಳಗಿಂದ ಏನೂ ಹೊರಡುವುದಿಲ್ಲ. ಆದರೂ ಬಿಡಲಾಗುವುದಿಲ್ಲ.

ಪಾಠ ಬೇಕೆಂದರೆ ಇಷ್ಟು ಬರೆದುಕೋ. ದೇವರು ಹುಳುವಿಗೆ ಒಂದು ಉದ್ದೇಶ ಕೊಟ್ಟಿದ್ದ. ಸಾಯುವವರೆಗೂ ಹುಳು ಅದನ್ನು ಮರೆಯಲಿಲ್ಲ. ಅದರ ನೂಲು ಕಿತ್ತುಕೊಂಡದ್ದು ದೇವರಲ್ಲ, ಮನುಷ್ಯರು. ಅದಕ್ಕೂ ದೇವರ ಉದ್ದೇಶವೆಂದು ಹೆಸರಿಟ್ಟರೆ ಕಿತ್ತುಕೊಂಡವರು ಭಾನುವಾರ ನಮ್ಮ ಪಕ್ಕದಲ್ಲೇ ಮೊಣಕಾಲೂರಿ ಪ್ರಸಾದ ತೆಗೆದುಕೊಂಡು ಹೋಗುತ್ತಾರೆ. ಇದನ್ನು ಪುಸ್ತಕಕ್ಕೆ ಹಾಕುವುದಿಲ್ಲವೆಂದರೆ ಹೂವಿನ ಪಾಠವನ್ನೇ ಹಾಕಿಕೋ. ನನಗೆ ಕೋಪವೂ ಇಲ್ಲ.

ಈ ತಪಸ್ಸುಕಾಲದಲ್ಲಿ ನಮ್ಮ ಮನೆಯವರನ್ನು ನಿನ್ನ ಪ್ರಾರ್ಥನೆಯಲ್ಲಿ ನೆನೆ. ನನಗಿಂತ ಅವರಿಗೆ ಅದು ಬೇಕಾಗುತ್ತದೆ.

ನಿನ್ನ ತಂಗಿ,
ಆರೋಗ್ಯಮ್ಮ

ಮರೆತಿದ್ದೆ: ಹಾಳೆ ತಿರುಗಿಸಿ ನೋಡು. ಮ್ಯಾನೇಜರ್ ಟೈಪ್ ಮಾಡಿ ತಂದದ್ದು ಇದೇ. ಆ ಕಡೆ ಕೆಳಗೆ ನನಗೆಂದು ಬಿಟ್ಟ ಜಾಗ ಖಾಲಿ ಇದೆ, ನನ್ನ ರುಜು ಈ ಕಡೆ ಮಾತ್ರ. ಜೋಪಾನವಾಗಿಡು, ಕೆಂಚಮ್ಮನವರ ಅರ್ಜಿಗೆ ಬೇಕಾಗುತ್ತದೆ. ನಮ್ಮ ಮನೆಯವರು ಇದಿನ್ನೂ ಟ್ರಂಕಿನಲ್ಲೇ ಇದೆ ಎಂದುಕೊಂಡಿದ್ದಾರೆ. ಇವತ್ತು ಡ್ಯೂಟಿಗೆ ಹೊರಟಾಗ ಅಂಗಿಗೆ ಇಸ್ತ್ರಿ ಹಾಕಿಕೊಟ್ಟೆ.