ಓದಿಸಿದ ಸಕ್ಕರೆ

ಜನವರಿ ೬, ಸಿಂದಗಿ
ಇಂಟರ್ನಲ್ಸ್ ಪೇಪರ್ ತಿದ್ದಿ ಮುಗಿಸಿದೆ. ಮತ್ತೆ ಅನುವಾದ. ನಾನೂರು ವರ್ಷ ಹಳೆಯ ಜರ್ಮನ್ ಕಥೆ, ನನಗೆ ಸಿಕ್ಕಿದ್ದು ಇಂಗ್ಲಿಷಿನಲ್ಲಿ. ಊರೂರು ತಿರುಗಿ ಸೂಜಿ-ದಾರ ಮಾರುವ ಯಹೂದಿ. ಬಾವಿಗೆ ವಿಷ ಹಾಕಿದನೆಂದು ಬಡಿದು ಓಡಿಸುತ್ತಾರೆ. ಬರೆದವನಿಗೆ ಅದೇ ತಮಾಷೆ! ಅವನಿಗೊಂದು ಹೆಸರೂ ಇಟ್ಟಿಲ್ಲ. ಸಿಟ್ಟು ಬಂದು ಮುನ್ನುಡಿಯನ್ನೇ ಮೊದಲು ಬರೆದೆ — ಇದನ್ನು ನಗಲು ಓದಬೇಡಿ ಎಂದು.

ಜನವರಿ ೧೯
ಸ್ಟಾಫ್ ರೂಮಿನಲ್ಲಿ ಕಾವೇರಿ ಓದಿದಳು. ಮುನ್ನುಡಿಗೇ ಕಣ್ಣಲ್ಲಿ ನೀರು. "ಕಾಲೇಜ್ ಗ್ಯಾದರಿಂಗ್ ಸ್ಪರ್ಧೆಗೆ ನಾಟಕ ಮಾಡಿಸ್ತೇನಿ ಮೆಹನಾಜ, ಕೊಡು." ಕೊಟ್ಟೆ. ಬಿ.ಎ.ಯಿಂದ ಒಂದೇ ತಾಟಿನಲ್ಲಿ ಉಂಡವಳು.
ಸಂಜೆ ಅವಳ ಅವ್ವ ರೇವವ್ವ ನಮ್ಮ ಮನೆಗೆ ಸಕ್ಕರೆ ತಂದರು. ಅವರ ಮನೆಯಲ್ಲಿ ಏನೇ ಶುರುವಾಗಲಿ, ನನ್ನ ಅಬ್ಬಾ ಫಾತಿಹಾ ಪ್ರಾರ್ಥನೆ ಓದಿದ ಸಕ್ಕರೆ ಬಾಯಿಗೆ ಬೀಳಬೇಕು. "ನಾಟಕಕ್ಕ ಫಸ್ಟ್ ಬರ್ಲಿ ಅಂತ ಓದ್ರಿ ಅಣ್ಣಾ." ಓದಿದರು.

ಫೆಬ್ರವರಿ ೨
ಅಬ್ಬಾ ಸಂತೆಯಲ್ಲಿ ಮಾರುವ ಅತ್ತರಿನ ಪೆಟ್ಟಿಗೆ ನಾಟಕಕ್ಕೆ ಬೇಕಂತೆ ಕಾವೇರಿಗೆ. ಕಥೆಯವನು ಮಾರೋದು ಸೂಜಿ-ದಾರ ಅಲ್ಲವೇ ಎಂದೆ. "ಮಂದಿಗೆ ತಿಳೀಬೇಕಲ್ಲ" ಎಂದಳು. ಅಬ್ಬಾ ಸಂತೆಗೆ ಹೋಗುವುದನ್ನೂ ಬಿಟ್ಟು ಪೆಟ್ಟಿಗೆ ಕೊಟ್ಟರು. ಓಣಿಗೆಲ್ಲ ಹೇಳಿದ್ದೇ ಹೇಳಿದ್ದು — "ನಮ್ ಪೆಟ್ಟಿಗಿ ಸ್ಟೇಜ್ ಮ್ಯಾಲ ಬರ್ತೈತಿ!"

ಫೆಬ್ರವರಿ ೧೧
ಬರೆಯಲು ಕೈ ಬರುತ್ತಿಲ್ಲ.
ಇವತ್ತಿನ ನಾಟಕದಲ್ಲಿ ಮುನ್ನುಡಿ ಇಲ್ಲ. ಜರ್ಮನಿ ಇಲ್ಲ, ಯಹೂದಿ ಇಲ್ಲ. ಸ್ಟೇಜ್ ಮೇಲೆ ಸಿಂದಗಿ ಸಂತೆ. ಬಿಳಿ ಟೊಪ್ಪಿಗೆ, ಹೆಗಲಿಗೆ ಅಬ್ಬಾನ ಪೆಟ್ಟಿಗೆ, ಅಬ್ಬಾನ ಹಾಗೇ ಎಡಗಾಲು ಎಳೆದು ನಡೆವ ಪಾತ್ರಧಾರಿ. ಬಾವಿಗೆ ಬಾಟಲಿ ಸುರಿದ. ಜನ ಬಡಿದರು. ಹಾಲ್ ತುಂಬ ಸಿಳ್ಳೆ.
ಮೊದಲ ಸಾಲಿನಲ್ಲಿ ಅಬ್ಬಾ. ಕಾವೇರಿಯೇ "ಚಾಚಾ" ಎಂದು ಕರೆದು ಕೂರಿಸಿದ್ದು. ಪೆಟ್ಟಿಗೆ ಕಂಡಾಗ ನಕ್ಕರು. ಆಮೇಲೆ ತಲೆಯ ಟೊಪ್ಪಿಗೆ ತೆಗೆದು ಜೇಬಿಗೆ ಹಾಕಿಕೊಂಡರು.
ಹೊರಗೆ ಅವಳನ್ನು ಹಿಡಿದು ಕೇಳಿದೆ. "ಯಹೂದಿ ಅಂದ್ರ ಇಲ್ಲಿ ಯಾರಿಗೆ ಗೊತ್ತು? ಕಮಿಟಿಯವ್ರು ಹಿಂಗ ಮಾಡು ಅಂದ್ರು. ಚಾಚಾ ಬ್ಯಾರೆ, ಅವ್ರೆಲ್ಲಾ ಬ್ಯಾರೆ. ನೀ ಯಾಕ ಮನಸಿಗೆ ಹಚ್ಗೋತಿ?"
ಬೆನ್ನಿಗೆ ಚೂರಿ. ಅದನ್ನೂ ನನ್ನ ಕೈಯಿಂದಲೇ ಇಸಿದುಕೊಂಡು...

ಫೆಬ್ರವರಿ ೧೪
ಪೆಟ್ಟಿಗೆ ವಾಪಸ್ ಬಂತು, ಪ್ಯೂನ್ ಕೈಯಲ್ಲಿ. ಅಬ್ಬಾ ತೆರೆದು ನೋಡಲಿಲ್ಲ. ಸಂತೆಗೂ ಹೋಗುತ್ತಿಲ್ಲ.

ಫೆಬ್ರವರಿ ೨೦, ಸಂಜೆ
ರೇವವ್ವ ಬಂದಿದ್ದರು. ಮೊಣಕಾಲು ನೋವು, ನಾಟಕ ನೋಡಿಲ್ಲ. ಕೈಯಲ್ಲಿ ಸಕ್ಕರೆ. "ನೀವು ಓದಿದ್ದು ಫಲಿಸ್ತು ಅಣ್ಣಾ, ಫಸ್ಟ್ ಬಂತು! ಹರಕಿ ಮುಟ್ಟಸಬೇಕು, ಓದ್ರಿ."
ಬೇಡ ಅಬ್ಬಾ, ಎಂದು ಕಣ್ಣಲ್ಲೇ ಹೇಳಿದೆ. ಅಬ್ಬಾ ಸಕ್ಕರೆಯನ್ನೇ ನೋಡುತ್ತ ಕೂತರು. ಜೇಬಿನಿಂದ ಟೊಪ್ಪಿಗೆ ತೆಗೆದು ಹಾಕಿಕೊಂಡರು. ಓದಿದರು.
"ತಂಗೀ, ನನ್ನ ಕೈ ಮುಟ್ಟಿದ ಸಕ್ಕರಿ... ಇನ್ನೂ ತಿಂತಿಯೇನು?"
"ಏನ್ ಚ್ಯಾಷ್ಟಿ ಮಾಡ್ತೀರಿ!" ರೇವವ್ವ ನಕ್ಕು ಅಂಗೈ ಚಾಚಿದರು. ಅಬ್ಬಾ ಚಿಟಿಕೆ ಸಕ್ಕರೆ ಎತ್ತಿ ಮೊದಲು ತಮ್ಮ ಬಾಯಿಗೆ ಹಾಕಿಕೊಂಡರು, ಆಮೇಲೆ ಅವರ ಅಂಗೈಗೆ.